‘ಇಂದ’ ಪ್ರತ್ಯಯವೂ ಇಂಗ್ಲಿಷ್ ಮೇಷ್ಟರೂ



ಕಳೆದ ವಾರ ಹಳೆಯ ಪೆಟ್ಟಿಗೆಯೊಂದನ್ನು ಬರಿದು ಮಾಡುತ್ತಿದ್ದಾಗ ರಟ್ಟು ಕಿತ್ತುಹೋದ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಕೈಗೆ ಸಿಕ್ಕಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಕೊನೆಗೆ ಚಿತ್ರದುರ್ಗ, ಹೀಗೆ ನಾನು ಪಾಠ ಹೇಳಿದ ನಾಲ್ಕು ಊರುಗಳಿಗೂ ನನ್ನೊಡನೆ ಬಂದ ಪುಸ್ತಕ ಅದು. ಅದನ್ನು ಬರೆದವರಲ್ಲೊಬ್ಬರಾದ ಪಿ.ಸಿ. ರೆನ್ ಭಾರತದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದವರು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವರು. ಅಂಥ ರೋಚಕ ಕಥೆ ಹೆಣೆದ ಕೈ ಇಷ್ಟು ಒಣ ವ್ಯಾಕರಣವನ್ನು ಹೇಗೆ ಬರೆಯಿತೋ ಎಂದು ನನಗೆ ಎಂದಿನಿಂದಲೂ ಸೋಜಿಗ.

ಪುಟ ತಿರುವಿದಾಗ ‘ಸಿನ್ಸ್’ ಮತ್ತು ‘ಫಾರ್’ ಪದಗಳ ಕೆಳಗೆ ನಾನೇ ಎಳೆದ ಕೆಂಪು ಗೆರೆ ಕಾಣಿಸಿತು. ಅದರ ಕಥೆಯನ್ನು ಹೇಳಿಬಿಡಬೇಕು ಎನಿಸಿದೆ. ಅದಕ್ಕೆ ಮುಂಚೆ ಸ್ವಲ್ಪ ಚರಿತ್ರೆ.

ಕನ್ನಡದ ವಿಭಕ್ತಿಗೂ ಇಂಗ್ಲಿಷಿನ ಪ್ರಿಪೊಸಿಷನ್‌ಗೂ ನಡುವಿನ ಕಂದಕದಲ್ಲಿ ಮೊದಲು ಬಿದ್ದವರು ನಮ್ಮ ಮಕ್ಕಳಲ್ಲ, ಸಾಹೇಬರು. ವಿಲಿಯಂ ಕೇರಿ 1817ರಲ್ಲಿ ಶ್ರೀರಾಂಪುರದಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿದರು. 1820ರಲ್ಲಿ ಮದರಾಸಿನಿಂದ ಮೆಕೆರೆಲ್ ಅವರದು ಬಂದಿತು. ಜರ್ಮನಿಯ ಕಿಟ್ಟೆಲ್ ಅವರಂತೂ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿ, ಅದನ್ನು ಅರಗಿಸಿಕೊಂಡು, 1903ರಲ್ಲಿ ತಮ್ಮದೇ ವ್ಯಾಕರಣವನ್ನು ಹೊರತಂದರು. ನಮ್ಮ ಭಾಷೆಯನ್ನು ಕಲಿಯುವಾಗ ಆ ಐರೋಪ್ಯರು ನಮ್ಮ ಪ್ರತ್ಯಯಗಳನ್ನು ತಮ್ಮ ಭಾಷೆಯ ಪದಗಳ ಪಕ್ಕದಲ್ಲಿಟ್ಟು, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ತಾಳೆ ನೋಡಿದರು. ಅವರ ಭಾಷೆಯನ್ನು ಕಲಿಯುವಾಗ ನಾವು ಮಾತ್ರ ನಮ್ಮದನ್ನು ತರಗತಿಯ ಬಾಗಿಲ ಹೊರಗೆ ಬಿಟ್ಟುಬಂದೆವು.

ಹೀಗಾದದ್ದಕ್ಕೆ ಕಾರಣವಿದೆ. ಸ್ವಾತಂತ್ರ್ಯಾನಂತರ ‘ಸ್ಟ್ರಕ್ಚರಲ್’ ಪದ್ಧತಿ ಬಂದಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದವು. ವಾಕ್ಯದ ಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿಟ್ಟು, ಒಂದೊಂದನ್ನೂ ಬಾಯಿಗೆ ಹತ್ತುವವರೆಗೆ ಹೇಳಿಸುವುದು ಆ ಪದ್ಧತಿ. ‘ದಿಸ್ ಈಸ್ ಎ ಪೆನ್’ ಎಂದು ಮೇಷ್ಟರು ಪೆನ್ನು ಎತ್ತುವುದು, ಐವತ್ತು ಕಂಠಗಳು ಅದನ್ನೇ ಕೂಗುವುದು. ಕನ್ನಡದಲ್ಲಿ ವಿವರಿಸಬಾರದು ಎಂಬುದು ನಾವು ಬಿ.ಎಡ್. ತರಗತಿಯಲ್ಲಿ ಕಲಿತ ಮೊದಲ ಪಾಠ. ತೋಟದ ಕೆಲಸ ಮುಗಿಸಿ ಶಾಲೆಗೆ ಬರುವ, ಮನೆಯಲ್ಲಿ ಇಂಗ್ಲಿಷಿನ ಒಂದು ಪದವೂ ಕಿವಿಗೆ ಬೀಳದ ಮಗುವಿಗೆ ಅದು ಎಷ್ಟು ದಕ್ಕೀತು ಎಂದು ನಾವು ಕೇಳಲಿಲ್ಲ.

ಇನ್ನು ಹಿರಿಯೂರಿನ ಸಂಗತಿ. 1980ರ ದಶಕದ ಕೊನೆ, ನನಗಾಗ ಹೊಸ ನೌಕರಿಯ ಹುರುಪು. ವಾಣಿ ವಿಲಾಸ ಸಾಗರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ರಜೆ ಅರ್ಜಿಯಲ್ಲಿ ‘ಐ ಆಮ್ ಸಫರಿಂಗ್ ಫ್ರಂ ಫೀವರ್ ಸಿನ್ಸ್ ಟೂ ಡೇಸ್’ ಎಂದು ಬರೆದಿದ್ದ. ಅವನನ್ನು ಎದ್ದು ನಿಲ್ಲಿಸಿ ಗಟ್ಟಿಯಾಗಿ ಓದಿಸಿದೆ. ‘ಐ ಹ್ಯಾವ್ ಬೀನ್ ಸಫರಿಂಗ್’ ಎನ್ನಬೇಕು, ‘ಫಾರ್ ಟೂ ಡೇಸ್’ ಎನ್ನಬೇಕು ಎಂದು ತಿದ್ದಿದೆ. ಹುಡುಗ ಮೆಲ್ಲಗೆ ಕೇಳಿದ: “ಸೋಮವಾರದಿಂದ ಅಂದ್ರೆ ಸಿನ್ಸ್ ಅಂತೀರಿ, ಎರಡು ದಿನದಿಂದ ಅಂದ್ರೆ ಫಾರ್ ಅಂತೀರಿ. ಎರಡರಲ್ಲೂ ‘ಇಂದ’ನೇ ಐತಲ್ಲ ಸಾರ್?”

ತರಗತಿ ನಕ್ಕಿತು. ನನ್ನಲ್ಲಿ ಉತ್ತರವಿರಲಿಲ್ಲ. ಬೆತ್ತವಿತ್ತು.

ಮರುವರ್ಷ ಅವನು ಹತ್ತನೆಯ ತರಗತಿಗೆ ಬರಲಿಲ್ಲ. ನನ್ನ ಏಟೇ ಕಾರಣವೆಂದು ಹೇಳಲಾರೆ, ಮನೆಯಲ್ಲಿ ಬಡತನವಿತ್ತು. ಕಾರಣವಲ್ಲವೆಂದೂ ಹೇಳಲಾರೆ.

ಅವನ ಪ್ರಶ್ನೆ ಎಷ್ಟು ಸರಿಯಾಗಿತ್ತೆಂಬುದು ಹೊಸದುರ್ಗಕ್ಕೆ ವರ್ಗವಾದ ಮೇಲೆ, ಅಲ್ಲಿನ ಕನ್ನಡ ಪಂಡಿತರೊಡನೆ ಕುಳಿತು ವಿಭಕ್ತಿ ಪ್ರಕರಣವನ್ನು ಓದಿದಾಗ ತಿಳಿಯಿತು. ‘ಕತ್ತಿಯಿಂದ’ ಕಡಿದರೆ ವಿತ್, ‘ರಾಮನಿಂದ’ ಹತನಾದರೆ ಬೈ, ‘ಜ್ವರದಿಂದ’ ನರಳಿದರೆ ಫ್ರಂ, ‘ಸೋಮವಾರದಿಂದ’ ಎಂದರೆ ಸಿನ್ಸ್, ‘ಎರಡು ದಿನದಿಂದ’ ಎಂದರೆ ಫಾರ್. ನಮ್ಮ ಒಂದು ‘ಇಂದ’ಕ್ಕೆ ಅವರಲ್ಲಿ ಐದು ಪದಗಳು! ಕ್ರಿಯಾಪದದಲ್ಲಿಯೂ ಇದೇ ತೊಡಕು. ‘ಎರಡು ದಿನದಿಂದ ನರಳುತ್ತಿದ್ದೇನೆ’ ಎಂದು ನಾವು ವರ್ತಮಾನದಲ್ಲಿಯೇ ಹೇಳುತ್ತೇವೆ. ಹುಡುಗನ ‘ಐ ಆಮ್ ಸಫರಿಂಗ್’ ಆ ಕನ್ನಡದ ನೇರ ಪಡಿಯಚ್ಚು. ಅದು ದಡ್ಡತನದ ತಪ್ಪಲ್ಲ, ತನ್ನ ಭಾಷೆಯನ್ನು ಚೆನ್ನಾಗಿ ಬಲ್ಲವನು ಮಾಡುವ ತಪ್ಪು.

ತೊಡಕು ಇದ್ದಲ್ಲಿಯೇ ಕೀಲಿಕೈಯೂ ಇತ್ತು. ‘ಹಿ ಡಿಡ್ ನಾಟ್ ವೆಂಟ್’ ಎಂದು ಬರೆಯದ ಮಗುವನ್ನು ನಾನು ಕಂಡಿಲ್ಲ. ಹೊಸದುರ್ಗದಲ್ಲಿ ಒಂದು ದಿನ ಕರಿಹಲಗೆಯ ಮೇಲೆ ‘ಹೋದನು’ ಎಂದು ಬರೆದು, ಇಲ್ಲವೆನ್ನುವುದು ಹೇಗೆ ಎಂದು ಕೇಳಿದೆ. “ಹೋಗಲಿಲ್ಲ” ಎಂದರು. ‘ಹೋದಲಿಲ್ಲ’ ಎಂದೇಕೆ ಅನ್ನುವುದಿಲ್ಲ? ನಗು. ‘ಇಲ್ಲ’ ಬಂದೊಡನೆ ಕನ್ನಡದ ಕ್ರಿಯಾಪದವೂ ‘ಹೋದ’ ಎಂಬ ಭೂತಕಾಲದ ರೂಪವನ್ನು ಬಿಟ್ಟು ‘ಹೋಗು’ ಎಂಬ ಮೂಲ ಧಾತುವಿಗೆ ಮರಳುತ್ತದೆ. ‘ಡಿಡ್ ನಾಟ್’ ಬಂದಾಗ ‘ವೆಂಟ್’ ಮತ್ತೆ ‘ಗೋ’ ಆಗುವುದೂ ಹಾಗೆಯೇ. ಆ ದಿನದ ಮೇಲೆ ಆ ತಪ್ಪು ಎಷ್ಟೋ ಕಡಿಮೆಯಾಯಿತು. ‘ಗೋ-ವೆಂಟ್’ ಏಕೆ ಹೀಗೆ ಬದಲಾಗುತ್ತದೆ ಎಂದು ಗೊಣಗುತ್ತಿದ್ದವರಿಗೆ ಸಾಯು-ಸತ್ತ, ಕೀಳು-ಕಿತ್ತ, ಏಳು-ಎದ್ದ, ಕೊಲ್ಲು-ಕೊಂದ ಎಂದು ಪಟ್ಟಿ ಮಾಡಿಸಿದೆ. ನಮ್ಮವೇನು ಕಡಿಮೆ ವಕ್ರವೇ?

ಹೊಳಲ್ಕೆರೆಯಲ್ಲಿದ್ದಾಗ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಕೇಳಿಸುತ್ತಿದೆಯೆಂದು ಆಕ್ಷೇಪ ಬರೆದು ಹೋದರು. ನನಗೇನೂ ಬೇಸರವಾಗಲಿಲ್ಲ. ಅಷ್ಟರಲ್ಲಿ ನಾನು ಎನ್.ಎಸ್. ಪ್ರಭು ಅವರ ವಿಚಾರವನ್ನು ಓದಿಕೊಂಡಿದ್ದೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗಕ್ಕೆ ಹೊರದೇಶಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ಮಕ್ಕಳ ಗಮನ ಅರ್ಥದ ಮೇಲಿದ್ದಾಗಲೇ ವ್ಯಾಕರಣ ಚೆನ್ನಾಗಿ ಮೈಗೂಡುತ್ತದೆ ಎಂಬುದು ಅವರ ವಾದ. ಅದಕ್ಕೆ ಅವರು ಬಳಸಿದವುಗಳಲ್ಲಿ ರೈಲ್ವೆ ವೇಳಾಪಟ್ಟಿಯೂ ಒಂದು. ನಮಗೋ ಚಿಕ್ಕಜಾಜೂರು ಜಂಕ್ಷನ್ ಪಕ್ಕದಲ್ಲೇ ಇತ್ತು! ಯಾವ ಗಾಡಿ ಎಲ್ಲಿಂದ, ಎಷ್ಟು ಗಂಟೆಗೆ, ಯಾವ ದಿನ ಎಂದು ಕೇಳುತ್ತಾ ಹೋದರೆ ಫ್ರಂ, ಅಟ್, ಆನ್ ತಾವಾಗಿಯೇ ಬಾಯಿಗೆ ಬರುತ್ತಿದ್ದವು. ಊರಿನಿಂದ ಬಹುದೂರವಿರುವ ಹೊಸದುರ್ಗ ರೋಡ್ ನಿಲ್ದಾಣವಂತೂ ದೊಡ್ಡ ಉಪಕಾರ ಮಾಡಿತು. ಗಾಡಿ ನಿಲ್ಲುವುದು ‘ಅಟ್’ ಹೊಸದುರ್ಗ ರೋಡ್, ನಮ್ಮ ಅತ್ತೆಯ ಮನೆ ಇರುವುದು ‘ಇನ್’ ಹೊಸದುರ್ಗ ಎಂದು ಹುಡುಗಿಯೊಬ್ಬಳು ಹೇಳಿದಾಗ ಪುಸ್ತಕದ ನಿಯಮವೇ ಬೇಕಾಗಲಿಲ್ಲ. ಆದರೆ ಪ್ರಭು ಅವರ ದಾರಿಯೊಂದೇ ಸಾಕೆಂದು ನಾನು ಒಪ್ಪಲಾರೆ. ಪರೀಕ್ಷೆಯ ಬಿಟ್ಟ ಸ್ಥಳ ತುಂಬುವಾಗ ಹಳ್ಳಿಯ ಮಗುವಿಗೆ ಕೈಹಿಡಿಯುವ ವಿವರಣೆಯೂ ಬೇಕು, ಅದೂ ಕನ್ನಡದಲ್ಲಿ.

2007–08ರಲ್ಲಿ ಸರ್ಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ಬೇಗ ಆರಂಭಿಸಿದರೆ ತಪ್ಪುಗಳು ಹೋಗುತ್ತವೆಂದು ಹಲವರು ನಂಬಿದ್ದರು. ನಾನು ನಿವೃತ್ತನಾಗುವ ವರ್ಷ ಚಿತ್ರದುರ್ಗದಲ್ಲಿ ತಿದ್ದಿದ ಕೊನೆಯ ಉತ್ತರಪತ್ರಿಕೆಗಳಲ್ಲಿಯೂ ‘ಸಿನ್ಸ್ ಟೂ ಡೇಸ್’ ಇತ್ತು. ಈ ಬಾರಿ ಕೆಂಪು ಗೆರೆಯ ಪಕ್ಕದಲ್ಲಿ ‘ಇಂದ’ದ ಐದು ಅರ್ಥಗಳನ್ನು ಬರೆದುಕೊಟ್ಟೆ.

ಹಿರಿಯೂರಿನ ಆ ತಂಡದವರು ಕೆಲವರು ಈ ಪುಟವನ್ನು ಓದುತ್ತೀರೆಂದು ಬಲ್ಲೆ. ನಾನು ಯಾರ ವಿಷಯ ಬರೆದಿದ್ದೇನೆಂದು ನಿಮಗೆ ಗೊತ್ತಾಗಿರುತ್ತದೆ. ಅವನು ಸಿಕ್ಕಿದರೆ ಅವನ ಪ್ರಶ್ನೆ ಸರಿಯಾಗಿತ್ತೆಂದೂ, ಉತ್ತರ ನನ್ನ ಬಳಿ ಈಗ ಇದೆಯೆಂದೂ ತಿಳಿಸಿ.