ಕಾಡಂಚಿನ ಮೌಂಟೇನ್ ಬೈಕ್ ಕ್ಲಬ್: ಗುಂಡ್ಲುಪೇಟೆಯಲ್ಲಿ ಯಾರ ಹೊಣೆ ಯಾವುದು

ಡಾಂಬರು ಬಿಟ್ಟು ಮಣ್ಣು, ಕಲ್ಲು, ಏರು, ಇಳುಕಲಿನ ದಾರಿಯಲ್ಲಿ ಸೈಕಲ್ ತುಳಿಯುವವರ ಕೂಟವೇ ಮೌಂಟೇನ್ ಬೈಕ್ ಕ್ಲಬ್. ಇಂಥ ಕ್ಲಬ್ಬುಗಳಲ್ಲಿ ಸಂಬಳ ಪಡೆಯುವವರು ಸಾಮಾನ್ಯವಾಗಿ ಇರುವುದಿಲ್ಲ. ವಾರವಿಡೀ ಅಂಗಡಿ, ಶಾಲೆ, ಬ್ಯಾಂಕು, ಹೊಲ ನೋಡಿಕೊಂಡವರೇ ಭಾನುವಾರ ಮುಂದಾಳುಗಳಾಗುತ್ತಾರೆ. ಪಟ್ಟಣದ ಪಾರ್ಕಿನ ಸುತ್ತ ತಿರುಗುವ ಗುಂಪಿಗೆ ಯಾರ ಹೊಣೆ ಯಾವುದೆಂಬುದು ಅಷ್ಟು ಮುಖ್ಯವಲ್ಲ. ಮೂರು ಕಡೆ ಕಾಡು, ಗುಡ್ಡ, ಕ್ವಾರಿಗಳಿರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಅದು ಜೀವದ ಪ್ರಶ್ನೆ. ಇಲ್ಲಿ ಕ್ಲಬ್ ಕಟ್ಟುವವರು ಮೊದಲು ತೀರ್ಮಾನಿಸಬೇಕಾದದ್ದು ಅಧ್ಯಕ್ಷರು ಯಾರಾಗಬೇಕು ಎಂದಲ್ಲ. "ಸಾಕು, ಇಲ್ಲಿಂದ ವಾಪಸ್" ಎಂದು ನಡುದಾರಿಯಲ್ಲಿ ಹೇಳುವ ಅಧಿಕಾರ ಯಾರದು, ಅದನ್ನು ಎಲ್ಲರೂ ಒಪ್ಪುತ್ತಾರೆಯೇ ಎಂಬುದು.

ತುಳಿಯಬಹುದಾದ ನೆಲ, ತುಳಿಯಬಾರದ ನೆಲ

ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿದ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅದರ ಮದ್ದೂರು, ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ, ಓಂಕಾರ ವಲಯಗಳು ತಾಲ್ಲೂಕಿನ ಊರುಗಳಿಗೆ ಒತ್ತಿಕೊಂಡೇ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪರವಾನಗಿ ಇಲ್ಲದೆ ಇಂಥ ಕಾಡಿನೊಳಗೆ ಕಾಲಿಡುವುದೇ ತಪ್ಪು. ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಸದ್ದಿಲ್ಲದೆ ತಿರುವಿನಲ್ಲಿ ಆನೆಯ ಮುಂದೆ ಹೋಗಿ ನಿಲ್ಲುವುದಕ್ಕಿಂತ ಅಪಾಯ ಬೇರೊಂದಿಲ್ಲ.

1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಏರುದಾರಿ ಕಂಡರೆ ಸವಾರರ ಕಾಲು ಸುಮ್ಮನಿರುವುದಿಲ್ಲ. ಆದರೆ ಅಲ್ಲಿ ಖಾಸಗಿ ವಾಹನಗಳನ್ನು ಬುಡದಲ್ಲೇ ತಡೆಯುತ್ತಾರೆ, ಭಕ್ತರು ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗುತ್ತಾರೆ. ಕ್ಲಬ್ಬಿನ ಸವಾರಿಯೂ ಬುಡದಲ್ಲೇ ಮುಗಿಯಬೇಕು. ಕೇರಳದ ಕಡೆಗೆ ಹೋಗುವ 766ನೇ ಹೆದ್ದಾರಿ, ಊಟಿ ಕಡೆಗೆ ಹೋಗುವ 181ನೇ ಹೆದ್ದಾರಿ ಎರಡೂ ಕಾಡು ಸೀಳಿಕೊಂಡೇ ಹೋಗುತ್ತವೆ. 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ.

ಹಾಗಾದರೆ ಉಳಿದದ್ದೇನು? ಸಾಕಷ್ಟಿದೆ. ಬೇಗೂರು, ತೆರಕಣಾಂಬಿ ಹೋಬಳಿಗಳ ಬಂಡಿದಾರಿಗಳು, ಕೆರೆ ಏರಿಗಳು, ಊರಿಂದೂರಿಗೆ ಹೊಲಗಳ ನಡುವೆ ಹಾದುಹೋಗುವ ಮಣ್ಣುರಸ್ತೆಗಳು, ಹುಲುಗನಮುರಡಿ ಬೆಟ್ಟದ ಸುತ್ತಿನ ಬಯಲು. ಮುಂಗಾರಿನಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿದಾಗ ಈ ದಾರಿಗಳಷ್ಟು ಚೆಂದದ ಸವಾರಿ ರಾಜ್ಯದಲ್ಲಿ ಬೇರೆ ಕಡೆ ಸಿಗುವುದು ಕಷ್ಟ.

ಇಂಥ ಕೂಟಗಳು ಬೆಳೆದ ಬಗೆ

ಮೌಂಟೇನ್ ಬೈಕಿಂಗ್ ಆಟವಾಗಿ ರೂಪ ಪಡೆದದ್ದು 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಬೆಟ್ಟಗಳಲ್ಲಿ. ಸವಾರರು ಹೆಚ್ಚಿದಂತೆ ಅಲ್ಲಿ ಒಂದೊಂದೇ ಕಾಡುದಾರಿ ಸೈಕಲ್ಲಿಗೆ ಮುಚ್ಚತೊಡಗಿತು. ಅದಕ್ಕೆ ಉತ್ತರವಾಗಿ 1988ರಲ್ಲಿ ಅಲ್ಲಿನ ಕ್ಲಬ್ಬುಗಳು ಸೇರಿ ಅಂತಾರಾಷ್ಟ್ರೀಯ ಮೌಂಟೇನ್ ಬೈಸಿಕ್ಲಿಂಗ್ ಸಂಘ ಕಟ್ಟಿದವು. ಅನುಮತಿ ಇರುವ ದಾರಿಯಲ್ಲೇ ಹೋಗು, ಗುರುತು ಬಿಡಬೇಡ, ಸೈಕಲ್ ಹಿಡಿತದಲ್ಲಿರಲಿ, ಎದುರಿನವರಿಗೆ ದಾರಿ ಬಿಡು, ಪ್ರಾಣಿಗಳನ್ನು ಬೆದರಿಸಬೇಡ, ಮೊದಲೇ ಸಿದ್ಧನಾಗು ಎಂಬ ಅದರ ಆರು ನಿಯಮಗಳನ್ನು ಇಂದಿಗೂ ಜಗತ್ತಿನ ಕ್ಲಬ್ಬುಗಳು ಪಾಲಿಸುತ್ತವೆ.

ನಮ್ಮಲ್ಲೇ ಪಾಠವೊಂದಿದೆ. ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಕಾಡು ವರ್ಷಗಳ ಕಾಲ ಮೌಂಟೇನ್ ಬೈಕ್ ಸವಾರರ ಅಭ್ಯಾಸದ ನೆಲೆಯಾಗಿತ್ತು. ಆದರೆ ಅದು ಮೀಸಲು ಅರಣ್ಯ. ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆಯ ವಿರುದ್ಧ 2021ರಲ್ಲಿ ಜನ ಬೀದಿಗಿಳಿದಾಗ, ಆ ಕಾಡು ಯಾರ ಬಳಕೆಗೆ, ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆಯೂ ಮೇಲೆ ಬಂತು. ರೂಢಿಯಿಂದ ಬಂದ ದಾರಿ, ಬರಹದ ಒಪ್ಪಿಗೆ ಇಲ್ಲದಿದ್ದರೆ, ಯಾವತ್ತು ಬೇಕಾದರೂ ಮುಚ್ಚಬಹುದು.

ಗುಂಡ್ಲುಪೇಟೆಯವರಿಗೆ ಹತ್ತಿರದ ಮಾದರಿಯೆಂದರೆ ರೈಡ್ ಎ ಸೈಕಲ್ ಫೌಂಡೇಶನ್ 2008ರ ಡಿಸೆಂಬರಿನಲ್ಲಿ ಆರಂಭಿಸಿದ ಟೂರ್ ಆಫ್ ನೀಲಗಿರೀಸ್. ಅದು ರಸ್ತೆ ಸೈಕಲ್ಲಿನ ಪಯಣ. ಮೈಸೂರಿನಿಂದ ನೀಲಗಿರಿಗೆ ಏರುವ ಸವಾರರ ಸಾಲನ್ನು ನಮ್ಮ ಪಟ್ಟಣ ಕಂಡಿದೆ. ಸಾಲಿನ ಹಿಂದೆ ದಾರಿ ತೋರಿಸುವವರು, ನೀರು ಕೊಡುವವರು, ರಿಪೇರಿಯವರು, ವೈದ್ಯರು ಎಂದು ಹಂಚಿಕೊಂಡ ಕೆಲಸವಿರುತ್ತದೆ. ದೂರ ಸವಾರಿಯ ಬೆಂಗಳೂರು ರ್‍ಯಾಂಡನರ್ಸ್ ಕೂಟವೂ ಸ್ವಯಂಸೇವಕರಿಂದಲೇ ನಡೆಯುತ್ತದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಸವಾರಿಯಲ್ಲಿ ತಪಾಸಣಾ ಠಾಣೆಯಲ್ಲಿ ಕೂತು ಕಾರ್ಡಿಗೆ ಮುದ್ರೆ ಒತ್ತುವವರು, ಇನ್ನೊಂದು ವಾರ ತಾವೇ ತುಳಿಯುವ ಸವಾರರು.

ಕಾಗದದ ಮೇಲಿನ ಮೂವರು

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಮಂದಿ ವಯಸ್ಕರು ಸೇರಿದರೆ ಸಂಘ ನೋಂದಾಯಿಸಬಹುದು. ಬೈಲಾ, ವಾರ್ಷಿಕ ಸರ್ವಸದಸ್ಯರ ಸಭೆ, ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ಇವೆಲ್ಲ ಕಡ್ಡಾಯ. ಹತ್ತಾರು ಮಂದಿಯ ಗೆಳೆಯರ ಬಳಗಕ್ಕೆ ಇದೆಲ್ಲ ಬೇಡವೆನಿಸಬಹುದು. ಆದರೆ ಅರಣ್ಯ ಇಲಾಖೆಗೋ ಗ್ರಾಮ ಪಂಚಾಯಿತಿಗೋ ಅರ್ಜಿ ಕೊಡುವಾಗ, ಬ್ಯಾಂಕ್ ಖಾತೆ ತೆರೆಯುವಾಗ ನೋಂದಣಿ ಸಂಖ್ಯೆ ಕೇಳುತ್ತಾರೆ. ಯಾರೋ ಒಬ್ಬರ ಸ್ವಂತ ಖಾತೆಯಲ್ಲಿ ಕ್ಲಬ್ಬಿನ ಹಣ ಇರುವುದು ಸ್ನೇಹಕ್ಕೂ ಒಳ್ಳೆಯದಲ್ಲ.

ಅಧ್ಯಕ್ಷರು ಸಭೆ ನಡೆಸುತ್ತಾರೆ, ಇಲಾಖೆಗಳ ಮುಂದೆ ಕ್ಲಬ್ಬಿನ ಮಾತಾಡುತ್ತಾರೆ. ಕಾರ್ಯದರ್ಶಿಯ ಬಳಿ ಸದಸ್ಯರ ಪಟ್ಟಿ, ರಕ್ತದ ಗುಂಪು, ಮನೆಯವರ ಫೋನ್ ನಂಬರ್, ಹದಿನೆಂಟು ತುಂಬದವರಾದರೆ ತಂದೆತಾಯಿಯ ಒಪ್ಪಿಗೆ ಪತ್ರ ಇರಬೇಕು. ಖಜಾಂಚಿಯ ಕೆಲಸ ಎರಡು ಸಹಿಯ ಖಾತೆ ನೋಡಿಕೊಳ್ಳುವುದು, ಟ್ಯೂಬು, ಔಷಧ, ತಿಂಡಿಯ ಬಿಲ್ಲು ಇಟ್ಟುಕೊಳ್ಳುವುದು. ಇವರು ಮೂವರೂ ಬೇಕಾದವರೇ. ಆದರೆ ಸವಾರಿಯ ದಿನ ಇವರ ಪದವಿಗೆ ಬೆಲೆಯಿಲ್ಲ ಎಂಬುದನ್ನು ಬೈಲಾದಲ್ಲೇ ಬರೆಯುವುದು ಒಳ್ಳೆಯದು. ಅಧ್ಯಕ್ಷರೇ ಸೈಕಲ್ ಹತ್ತಿ ಬಂದರೂ ಅಂದು ಅವರು ಸವಾರರಲ್ಲೊಬ್ಬರು ಮಾತ್ರ.

ದಾರಿ ನೋಡಿ ಬರುವವರು

ಹೊರಗಿನವರ ಕಣ್ಣಿಗೆ ಬೀಳದ, ಆದರೆ ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹೊಣೆ ಇದು. ಒಂದು ವಾರ ಮುಂಚೆ ಇಬ್ಬರು ಹೋಗಿ ಇಡೀ ದಾರಿ ನೋಡಿ ಬರಬೇಕು. ಮೊಬೈಲ್ ನಕ್ಷೆಯನ್ನು ನಂಬಿ ಹೊರಟರೆ ಅದು ಆನೆ ಕಂದಕದ ಆಚೆಗೂ ದಾರಿ ತೋರಿಸುತ್ತದೆ. ಕಂದಕ, ಸೌರ ಬೇಲಿ, ರೈಲು ಕಂಬಿಯ ತಡೆ ಕಂಡಲ್ಲಿಗೆ ಕ್ಲಬ್ಬಿನ ದಾರಿ ಮುಗಿಯಿತು ಎಂದೇ ಲೆಕ್ಕ.

ಎರಡನೆಯದು ಕ್ವಾರಿ. 2022ರ ಮಾರ್ಚ್‌ನಲ್ಲಿ ಪಟ್ಟಣದ ಹತ್ತಿರದ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತದ್ದನ್ನು ತಾಲ್ಲೂಕು ಮರೆತಿಲ್ಲ. ಕೆಲಸ ನಿಂತ ಕ್ವಾರಿಯ ಅಂಚಿಗೆ ಬೇಲಿಯಿಲ್ಲದಿದ್ದರೆ, ಇಳಿಜಾರಿನಲ್ಲಿ ಬರುವ ಸವಾರನಿಗೆ ಹೊಂಡ ಕಾಣುವುದು ತೀರಾ ತಡವಾಗಿ. ಚಾಲ್ತಿಯಲ್ಲಿರುವ ಕ್ವಾರಿಯಾದರೆ ಸಿಡಿಮದ್ದು ಯಾವ ಹೊತ್ತಿಗೆ ಎಂದು ಕೇಳಿಕೊಂಡು ಬರಬೇಕು.

ಹಂದಿ ಕಾಟಕ್ಕೆ ಹೊಲದ ಸುತ್ತ ಕಟ್ಟಿದ ತಂತಿಯೂ ಅಷ್ಟೇ ಅಪಾಯ. ಅದರಲ್ಲಿ ಕರೆಂಟು ಹರಿಯುತ್ತಿದ್ದರೆ ಮುಟ್ಟಿದವರು ಉಳಿಯುವುದಿಲ್ಲ. ಹೊಲದೊಳಗಿನ ಅಡ್ಡದಾರಿ ಬೇಡ ಎನ್ನುವುದಕ್ಕೆ ಬೆಳೆ ಹಾಳಾಗುತ್ತದೆ ಎಂಬುದಲ್ಲದೆ ಇದೂ ಕಾರಣ. ಉಳಿದಂತೆ ಎರೆಮಣ್ಣಿನ ದಾರಿ ಮಳೆಯಾದ ಮಾರನೆಯ ದಿನ ಚಕ್ರಕ್ಕೆ ಮೆತ್ತಿಕೊಂಡು ತಿರುಗಲು ಬಿಡುವುದಿಲ್ಲ. ಬೇಸಿಗೆಯಲ್ಲಿ ನೆಗ್ಗಿಲು ಮುಳ್ಳು, ಜಾಲಿ ಮುಳ್ಳು ಪಂಕ್ಚರ್ ಮಾಡುತ್ತವೆ.

ಮುಂದಾಳು ಮತ್ತು ಕೊನೆಯ ಸವಾರ

ಸವಾರಿಯ ದಿನ ಗುಂಪಿನ ಜವಾಬ್ದಾರಿ ಇಬ್ಬರದು. ಮುಂದೆ ಹೋಗುವ ರೈಡ್ ಲೀಡರ್ ವೇಗ ತೀರ್ಮಾನಿಸುತ್ತಾರೆ, ಪ್ರತಿ ಕವಲಿನಲ್ಲಿ ನಿಲ್ಲುತ್ತಾರೆ, ಹೊರಡುವ ಮುನ್ನ ಬ್ರೇಕು, ಹೆಲ್ಮೆಟ್ಟು, ನೀರು ನೋಡುತ್ತಾರೆ. ಹಿಂದೆ ಬರುವ ಸ್ವೀಪ್, ಅಂದರೆ ಕೊನೆಯ ಸವಾರ, ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಸ್ವೀಪ್ ಬಂದರೆ ಎಲ್ಲರೂ ಬಂದಂತೆ.

ಹೊಸ ಕ್ಲಬ್ಬುಗಳಲ್ಲಿ ಎಲ್ಲರಿಗಿಂತ ವೇಗದವರನ್ನು ಲೀಡರ್ ಮಾಡಿ, ಎಲ್ಲರಿಗಿಂತ ಹೊಸಬರನ್ನು ಹಿಂದೆ ಬಿಡುವ ರೂಢಿಯಿದೆ. ಇದು ಸರಿಯಲ್ಲ. ಕ್ಲಬ್ಬಿನ ಅತಿ ಅನುಭವಿ ಸವಾರ ಇರಬೇಕಾದದ್ದು ಹಿಂದೆ. ದಣಿದವರು, ಬಿದ್ದವರು, ಚೈನ್ ತುಂಡಾದವರು, ನಾಚಿಕೆಯಿಂದ ಬಾಯಿಬಿಡದವರು ಸಿಗುವುದು ಅಲ್ಲೇ. ಕೊನೆಯ ಸವಾರನಿಗೆ ರಿಪೇರಿ ಗೊತ್ತಿರಬೇಕು, ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ಅದಕ್ಕಿಂತ ಹೆಚ್ಚಾಗಿ, "ಪರವಾಗಿಲ್ಲ ಕಣಣ್ಣಾ, ನೀವು ಹೋಗಿ" ಎಂದವನನ್ನು ಒಬ್ಬನೇ ಬಿಟ್ಟು ಬರದ ಹಟ ಇರಬೇಕು.

ವಾಪಸ್ ಹೋಗುವ ಅಧಿಕಾರ ಈ ಇಬ್ಬರಲ್ಲಿ ಯಾರಿಗಾದರೂ ಸರಿ, ಪೂರ್ತಿ ಇರಬೇಕು. ಒಬ್ಬರು ಬೇಡವೆಂದರೆ ಮುಗಿಯಿತು. ಅಲ್ಲಿ ಮತಕ್ಕೆ ಹಾಕುವುದಿಲ್ಲ, ಚರ್ಚೆ ಮನೆಗೆ ಬಂದ ಮೇಲೆ. 2019ರಲ್ಲಿ ಗೋಪಾಲಸ್ವಾಮಿ ಬೆಟ್ಟ ವಲಯದ ಅಂಚಿನಲ್ಲಿ, ಚೌಡಹಳ್ಳಿ, ಹುಂಡೀಪುರದ ಕಡೆ ಹುಲಿಯೊಂದು ಇಬ್ಬರು ರೈತರನ್ನು ಕೊಂದಿತು. ಆ ಅಕ್ಟೋಬರಿನಲ್ಲಿ ಅದನ್ನು ಸೆರೆಹಿಡಿಯುವವರೆಗೆ ಆ ಊರುಗಳ ಜನ ಹೊಲಕ್ಕೆ ಹೋಗಲೂ ಹೆದರಿದ್ದರು. ಊರಿನವರೇ ಹೊಲಕ್ಕಿಳಿಯದ ದಿನ ಹೊರಗಿನ ಸವಾರರು ಆ ದಾರಿಯಲ್ಲಿ ಇರಬಾರದು. ತಾಜಾ ಆನೆಲದ್ದಿ, ಅಟ್ಟಣೆಯಿಂದ ಕಾವಲುಗಾರ ಕೂಗುವ ಕೂಗು, ಮದ್ದಿನ ಸದ್ದು ಇವುಗಳಲ್ಲಿ ಒಂದು ಕಂಡರೂ ಕೇಳಿದರೂ ಸಾಕು.

ಹೊತ್ತಿನ ನಿಯಮವೂ ಇವರದ್ದೇ. ಆನೆಗಳು ಬೆಳೆಗಿಳಿದು ಮರಳುವುದು ಮುಸ್ಸಂಜೆಯಿಂದ ಮುಂಜಾವಿನವರೆಗೆ. ಆದ್ದರಿಂದ ಕಾಡಂಚಿನ ಸವಾರಿ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಟು, ಬಿಸಿಲು ಇಳಿಯುವ ಮೊದಲೇ ಮುಗಿಯಬೇಕು. ನಗರದ ಸವಾರರಿಗೆ ಐದು ಗಂಟೆಯ ಕತ್ತಲಲ್ಲಿ ಹೊರಡುವ ಅಭ್ಯಾಸವಿರುತ್ತದೆ. ಅದನ್ನು ಇಲ್ಲಿ ಬಿಡಿಸಬೇಕು.

ಗಾಯ, ಹಾವು, ಉಣುಗು

ಪ್ರಥಮ ಚಿಕಿತ್ಸೆಯ ಹೊಣೆ ಹೊತ್ತವರು ಪ್ರತಿ ದಾರಿಗೂ ಒಂದು ಚೀಟಿ ಬರೆದಿಟ್ಟುಕೊಳ್ಳಬೇಕು: ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, 108 ಆಂಬುಲೆನ್ಸ್ ಬರಬಹುದಾದ ಹತ್ತಿರದ ರಸ್ತೆ ಯಾವುದು, ಗುಂಡ್ಲುಪೇಟೆಯ ಸಾರ್ವಜನಿಕ ಆಸ್ಪತ್ರೆ ಹತ್ತಿರವೋ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರವೋ. ಅರಣ್ಯ ಇಲಾಖೆಯ ಸಹಾಯವಾಣಿ 1926 ಎಲ್ಲರ ಫೋನಿನಲ್ಲೂ ಇರಲಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟು ಹಾಕುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ, ವಿಷನಿರೋಧಕ ಔಷಧ ಇರುವ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು.

ಉಣುಗನ್ನು ಸವಾರರು ಹಗುರಾಗಿ ತೆಗೆದುಕೊಳ್ಳುತ್ತಾರೆ. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತು, ಅವುಗಳ ಕಳೇಬರ ವಿಲೇವಾರಿ ಮಾಡಿದ ಅರಣ್ಯ ಕೆಲಸಗಾರರಿಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ತಗಲಿತ್ತು. ಶಿವಮೊಗ್ಗದ ಕಡೆಯ ಕಾಯಿಲೆ ಎಂದುಕೊಂಡಿದ್ದದ್ದು ನಮ್ಮ ಜಿಲ್ಲೆಯಲ್ಲೂ ಕಂಡಿತು. ಒಣಗಾಲದಲ್ಲಿ ಪೊದೆ ಸವರಿಕೊಂಡು ಬಂದ ಮೇಲೆ ಕಾಲು, ಸಾಕ್ಸು, ತೊಡೆಸಂದು ನೋಡಿಕೊಳ್ಳುವುದನ್ನು ಲೀಡರ್ ಎಲ್ಲರಿಗೂ ನೆನಪಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಬೇಕು.

ಊರಿನವರೊಡನೆ ಮಾತು

ಈ ಸೀಮೆಯ ಹಳ್ಳಿಗಳಲ್ಲಿ ಬೀದಿ ಬೀದಿಗೂ ಯಜಮಾನರಿದ್ದಾರೆ. ಹೊಸ ದಾರಿ ಆರಿಸಿದಾಗ ಪಂಚಾಯಿತಿಗೆ ಪತ್ರ ಕೊಟ್ಟರಷ್ಟೇ ಸಾಲದು. ಯಜಮಾನರ ಜಗಲಿಯಲ್ಲಿ ಕೂತು ಮಾತಾಡಿ ಬರಬೇಕು. ಹಬ್ಬ, ಜಾತ್ರೆ, ಸಾವು ಇದ್ದ ದಿನ ಬಣ್ಣಬಣ್ಣದ ಜೆರ್ಸಿಯ ಗುಂಪು ಊರೊಳಗೆ ನುಗ್ಗುವುದು ತಪ್ಪುತ್ತದೆ. ಈ ಕೆಲಸಕ್ಕೆ ಊರಿನ ಭಾಷೆ, ಬೇಸಾಯ ಬಲ್ಲ ಸದಸ್ಯರನ್ನೇ ನೇಮಿಸಬೇಕು. ಅರಿಶಿನ ಒಣಗಿಸುವ ಕಣದ ಮೇಲೆ, ಈರುಳ್ಳಿ ರಾಶಿಯ ಪಕ್ಕ ಸೈಕಲ್ ಹೇಗೆ ಹೋಗಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ತಿಂಡಿ, ಟೀ, ಎಳನೀರು ಆ ಊರಿನ ಅಂಗಡಿಯಲ್ಲೇ ಕೊಳ್ಳುವುದು, ಊರಿನ ಮಕ್ಕಳಿಗೆ ಆಗಾಗ ಸೈಕಲ್ ರಿಪೇರಿ ಹೇಳಿಕೊಡುವುದು ಕ್ಲಬ್ಬಿನ ಕಾರ್ಯಕ್ರಮದ ಭಾಗವಾಗಬೇಕು.

2019ರ ಫೆಬ್ರವರಿಯ ಬಂಡೀಪುರದ ಕಾಳ್ಗಿಚ್ಚಿನಲ್ಲಿ ಗೋಪಾಲಸ್ವಾಮಿ ಬೆಟ್ಟದ ಆಸುಪಾಸು ಸುಟ್ಟು ಕರಕಲಾಗಿತ್ತು. ಬೇಸಿಗೆಯಲ್ಲಿ ಬೀಡಿ, ಸಿಗರೇಟು, ಒಲೆ ಹಚ್ಚುವುದಕ್ಕೆ ಕ್ಲಬ್ಬಿನಲ್ಲಿ ಪೂರ್ತಿ ನಿಷೇಧ ಇರಬೇಕು. ಹೊಗೆ ಕಂಡರೆ ಮೊದಲು ತಿಳಿಸುವವರೂ ಸವಾರರೇ ಆಗಬಹುದು.

ಹೊಣೆಯ ಹಸ್ತಾಂತರ

ಸ್ವಯಂಸೇವಕರ ಕ್ಲಬ್ಬುಗಳು ಜಗಳದಿಂದ ಒಡೆಯುವುದಕ್ಕಿಂತ ಹೆಚ್ಚಾಗಿ ಒಬ್ಬರ ದಣಿವಿನಿಂದ ನಿಲ್ಲುತ್ತವೆ. ದಾರಿ ನೋಡುವವರು, ಲೆಕ್ಕ ಬರೆಯುವವರು, ಪಂಕ್ಚರ್ ಹಾಕುವವರು ಒಬ್ಬರೇ ಆದಾಗ ಅವರಿಗೆ ವರ್ಗವಾದ ದಿನ, ಇಲ್ಲವೇ ಮನೆಯಲ್ಲಿ ಕಾಯಿಲೆ ಬಂದ ದಿನ ಎಲ್ಲ ಮುಗಿಯುತ್ತದೆ. ಪ್ರತಿ ಹೊಣೆಗೂ ಜೊತೆಗೊಬ್ಬ ಕಲಿಯುವವರಿರಬೇಕು. ಒಂದೇ ಹುದ್ದೆಯಲ್ಲಿ ಎರಡು ವರ್ಷ ಸಾಕು. ಹೊಸ ಲೀಡರ್‌ಗಳು ಮೊದಲು ಕೆಲವು ತಿಂಗಳು ಕೊನೆಯ ಸವಾರರ ಜೊತೆಗೆ ಹಿಂದೆ ಬಂದು, ಆಮೇಲೆ ಮುಂದೆ ಹೋಗುವುದು ನನಗೆ ಸರಿಯೆನಿಸುವ ಕ್ರಮ. ಹೆಣ್ಣುಮಕ್ಕಳು ಈ ಎರಡೂ ಜಾಗದಲ್ಲಿ ಇದ್ದರೆ, ಮನೆಯಲ್ಲಿ ಕೇಳಿ ಬರಬೇಕಾದ ಹುಡುಗಿಯರಿಗೆ ಅಪ್ಪ ಅಮ್ಮನ ಒಪ್ಪಿಗೆ ಸುಲಭವಾಗುತ್ತದೆ.

ವಾರ್ಷಿಕ ಸಭೆಯಲ್ಲಿ ಹಳಬರು ಹೊಸಬರಿಗೆ ಕೊಡುವ ಕಡತದಲ್ಲಿ ಬ್ಯಾಂಕ್ ಪಾಸ್‌ಬುಕ್, ಸದಸ್ಯರ ಪಟ್ಟಿ, ಅನುಮತಿ ಪತ್ರಗಳ ಪ್ರತಿ, ವಲಯ ಅರಣ್ಯಾಧಿಕಾರಿ ಕಚೇರಿಯ ನಂಬರ್, ಊರೂರಿನ ಯಜಮಾನರ ಹೆಸರು, ದಾರಿಗಳ ನಕ್ಷೆ ಇರಬೇಕು. ಅದರ ಜೊತೆಗೆ ಆ ವರ್ಷ ಎಲ್ಲೆಲ್ಲಿಂದ, ಯಾವ ಕಾರಣಕ್ಕೆ, ಯಾರ ಮಾತಿನಿಂದ ವಾಪಸ್ ಬಂದೆವು ಎಂಬುದರ ಪಟ್ಟಿಯೂ ಇರಬೇಕು. ಮುಂದಿನ ವರ್ಷದ ದಾರಿ ಗೊತ್ತುಮಾಡುವವರು ಮೊದಲು ತೆರೆಯಬೇಕಾದ ಪುಟ ಅದು.