ಏಟಿನ ಲೆಕ್ಕ, ದಿನದ ಲೆಕ್ಕ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳನ್ನು ಇಂದು ಹಾವೇರಿ ಜಿಲ್ಲೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. 1948ರವರೆಗೆ ಹಾಗಿರಲಿಲ್ಲ. ಸವಣೂರು ನವಾಬರ ಸಂಸ್ಥಾನ. ಉಳಿದ ಮೂರೂ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದವು. ಅಪರಾಧ, ದಂಡನೆಗಳ ಚರಿತ್ರೆಯನ್ನು ನೋಡುವಾಗ ಈ ಗಡಿ ನೆನಪಿನಲ್ಲಿರಬೇಕು.

ಇದಕ್ಕಿಂತ ಹಳೆಯ ಸಾಕ್ಷಿಯೊಂದು ಸವಣೂರಿನ ನೆರೆಯಲ್ಲೇ, ಪುಲಿಗೆರೆ ಎನಿಸಿದ್ದ ಲಕ್ಷ್ಮೇಶ್ವರದಲ್ಲಿದೆ. ಸುಮಾರು 725ರಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಅಲ್ಲಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಆಚಾರವ್ಯವಸ್ಥೆಯೊಂದನ್ನು ಬರೆಸಿಕೊಟ್ಟ. ಕಳವು, ಸಣ್ಣಪುಟ್ಟ ತಪ್ಪು, ದಶಾಪರಾಧಗಳ ದಂಡದ ಮಾತು ಅದರಲ್ಲಿ ಬರುತ್ತದೆ. ದಂಡವೆಂದರೆ ಅಲ್ಲಿ ಸಲ್ಲಿಸಬೇಕಾದ ಹಣ.

ಹಾನಗಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದರು. ಆ ಕಲ್ಯಾಣದಲ್ಲೇ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಸ್ಮೃತಿಯ ಪ್ರಕಾರ ದಂಡ ನಾಲ್ಕು ಬಗೆ: ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡ. ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕಸುಬು, ಸಿರಿತನಗಳನ್ನು ತೂಗಿ ಶಿಕ್ಷಿಸಬೇಕು. ಕೇಳಲು ಸೊಗಸು! ಆದರೆ ಅದೇ ಗ್ರಂಥದಲ್ಲಿ ಕೈ ಕಡಿಯುವ ಶಿಕ್ಷೆಯೂ ಇದೆ, ಜಾತಿಗೊಂದು ದಂಡವೂ ಇದೆ. ತಕ್ಕಡಿಯೇನೋ ಇತ್ತು, ಎಲ್ಲರಿಗೂ ಒಂದೇ ತೂಕದ ಕಲ್ಲಿರಲಿಲ್ಲ.

ಬ್ರಿಟಿಷರು ಆ ಕಲ್ಲನ್ನು ಅಂಕಿಯಾಗಿಸಿದರು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯಲ್ಲಿ ಛಡಿ ಏಟು ಇರಲಿಲ್ಲ. 1864ರ ಕಾಯಿದೆ ಅದನ್ನು ಸೇರಿಸಿತು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಮೂವತ್ತಕ್ಕಿಂತ ಹೆಚ್ಚು ಏಟು ಕೂಡದು, ಹದಿನಾರರೊಳಗಿನವರಿಗೆ ಹದಿನೈದೇ ಗರಿಷ್ಠ. ಹೆಂಗಸರಿಗೆ ಹೊಡೆಯುವಂತಿಲ್ಲ, ನಲವತ್ತೈದು ದಾಟಿದ ಗಂಡಸಿಗೂ ಇಲ್ಲ. ಅಪರಾಧಿಯ ಮೈ ತಾಳುತ್ತದೆಂದು ವೈದ್ಯಾಧಿಕಾರಿ ಹೇಳಬೇಕು. ಕ್ರೌರ್ಯ ಎಂಬ ಪದ ಎಲ್ಲೂ ಇಲ್ಲ, ಆದರೆ ಪ್ರತಿ ಕಲಮಿನಲ್ಲೂ ಅದರದೇ ಭಯ. ಹೊಡೆಯುವುದು ಸರಿಯೇ ಎಂದು ಕೇಳದೆ ಎಷ್ಟು ಹೊಡೆಯಬಹುದೆಂದು ಮಾತ್ರ ಕೇಳಿದ ಕಾನೂನು ಅದು. ಸ್ವತಂತ್ರ ಭಾರತ ಛಡಿ ಏಟನ್ನು ರದ್ದು ಮಾಡಿದ್ದು 1955ರಲ್ಲಿ.

ಇಂಗ್ಲೆಂಡಿನ 1689ರ ಹಕ್ಕುಪತ್ರ, ಅಮೆರಿಕದ ಎಂಟನೆಯ ತಿದ್ದುಪಡಿ ಕ್ರೂರ ಶಿಕ್ಷೆಯನ್ನು ಹೆಸರಿಟ್ಟು ನಿಷೇಧಿಸಿವೆ. ನಮ್ಮ ಸಂವಿಧಾನದಲ್ಲಿ ಅಂಥ ಮಾತಿಲ್ಲ. ಸುನಿಲ್ ಬಾತ್ರಾ ಪ್ರಕರಣದಲ್ಲಿ (1978) ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಅರ್ಥವನ್ನು 14, 19, 21ನೆಯ ವಿಧಿಗಳಲ್ಲೇ ಕಂಡರು. ಕ್ಷಮಾದಾನದ ದಾರಿಗಳೆಲ್ಲ ಮುಗಿಯುವ ತನಕ ಮರಣದಂಡನೆಯ ಕೈದಿಯನ್ನು ಒಂಟಿ ಕೋಣೆಗೆ ತಳ್ಳಬಾರದೆಂದು ಅಲ್ಲಿ ತೀರ್ಮಾನವಾಯಿತು.

ಕರ್ನಾಟಕದಲ್ಲಿ ಗಲ್ಲು ಶಿಕ್ಷೆಯಾದವರನ್ನು ಇಡುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಅಲ್ಲಿ ಬೆಂಗಳೂರಿನ ಅತ್ಯಾಚಾರ, ಕೊಲೆ ಪ್ರಕರಣವೊಂದರ ಅಪರಾಧಿಯನ್ನು 2006ರಿಂದ ಸುಮಾರು ಹತ್ತು ವರ್ಷ ಒಂಟಿಯಾಗಿ ಇಡಲಾಗಿತ್ತು. ದಂಡಸಂಹಿತೆಯ 73ನೆಯ ಕಲಮಿನಂತೆ ನ್ಯಾಯಾಲಯವೇ ಆಜ್ಞೆ ಮಾಡಿದರೂ ಏಕಾಂತ ಸೆರೆ ಒಟ್ಟು ಮೂರು ತಿಂಗಳು ಮೀರುವಂತಿಲ್ಲ. ಇಲ್ಲಿ ಅಂಥ ಆಜ್ಞೆಯೇ ಇರಲಿಲ್ಲ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಅವನ ಗಲ್ಲನ್ನು ಕನಿಷ್ಠ ಮೂವತ್ತು ವರ್ಷದ ಸೆರೆಗೆ ಇಳಿಸಿತು. ಅಪರಾಧ ಘೋರವೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕೋರ್ಟು ತೂಗಿದ್ದು ತೀರ್ಪಿನಲ್ಲಿ ಬರೆಯದೆ ಜೈಲಿನಲ್ಲಿ ಉಣಿಸಿದ ಶಿಕ್ಷೆಯನ್ನು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಏಕಾಂತ ಸೆರೆ ಉಳಿದಿದೆ: 11 ಮತ್ತು 12ನೆಯ ಕಲಮುಗಳಲ್ಲಿ, ಒಂದು ಸಲಕ್ಕೆ ಹದಿನಾಲ್ಕು ದಿನ, ಒಟ್ಟು ಮೂರು ತಿಂಗಳು.