ಬ್ರಿಟನ್‌ನ ಸ್ವಯಂಸೇವಕ ಮ್ಯಾಜಿಸ್ಟ್ರೇಟ್: ರಜೆ ಹಕ್ಕು, ಸಂಬಳ ಹಕ್ಕಲ್ಲ

ಓದು, ಉದ್ಯೋಗ ಅಂತ ಇಂಗ್ಲೆಂಡಿಗೆ ಹೋಗಿ ನೆಲೆಸುವ ನಮ್ಮ ಯುವಕ ಯುವತಿಯರಿಗೆ ಗೊತ್ತಿರಬೇಕಾದ ವಿಷಯವಿದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮ್ಯಾಜಿಸ್ಟ್ರೇಟ್ ಆಗಲು ಕಾನೂನು ಪದವಿ ಬೇಕಿಲ್ಲ. ನರ್ಸ್, ಟೀಚರ್, ಅಂಗಡಿ ವ್ಯಾಪಾರಿ ಯಾರು ಬೇಕಾದರೂ ಅರ್ಜಿ ಹಾಕಬಹುದು.

ಯಾರು ಇವರು?

1361ರ ಕಾಯ್ದೆಯಿಂದ ಬೆಳೆದುಬಂದ ಪದ್ಧತಿಯಿದು. ಸಾಮಾನ್ಯವಾಗಿ ಮೂವರು ಒಟ್ಟಿಗೆ ಕುಳಿತು ವಿಚಾರಣೆ ನಡೆಸುತ್ತಾರೆ. ಕಾನೂನು ಹೇಳಿಕೊಡಲು ಒಬ್ಬ ಸಲಹೆಗಾರ ಇರುತ್ತಾರೆ. ಅಲ್ಲಿನ ಕ್ರಿಮಿನಲ್ ಪ್ರಕರಣಗಳಲ್ಲಿ ಶೇ. 90ಕ್ಕೂ ಹೆಚ್ಚು ಮುಗಿಯುವುದು ಈ ಕೋರ್ಟುಗಳಲ್ಲೇ. ಅರ್ಜಿ ಹಾಕುವವರ ವಯಸ್ಸು 18ರಿಂದ 74ರೊಳಗಿರಬೇಕು. ಬ್ರಿಟಿಷ್ ಪೌರತ್ವ ಕಡ್ಡಾಯವಲ್ಲ. ಆದರೆ ಅಲ್ಲಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಸಿದ್ಧರಿರಬೇಕು.

ಕೆಲಸದಿಂದ ರಜೆ

ವರ್ಷಕ್ಕೆ ಕನಿಷ್ಠ 13 ದಿನ ಕೋರ್ಟಿಗೆ ಹೋಗಬೇಕು, ತರಬೇತಿ ಬೇರೆ. ನೌಕರಿಯಲ್ಲಿರುವವರಿಗೆ ಇದಕ್ಕೆ ರಜೆ ಕೊಡಬೇಕು ಅಂತ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಆದರೆ 'ಸಮಂಜಸ'ವಾದಷ್ಟು ಮಾತ್ರ. ಕರ್ತವ್ಯಕ್ಕೆ ಎಷ್ಟು ಸಮಯ ಬೇಕು, ನೌಕರ ಇಲ್ಲದಿದ್ದರೆ ವ್ಯವಹಾರಕ್ಕೆ ಎಷ್ಟು ತೊಂದರೆ ಎರಡನ್ನೂ ನೋಡಬೇಕು. ಇಬ್ಬರೇ ಕೆಲಸಗಾರರಿರುವ ಅಂಗಡಿಗೂ ಇನ್ನೂರು ಜನರಿರುವ ಕಂಪನಿಗೂ ಲೆಕ್ಕ ಒಂದೇ ಆಗುವುದಿಲ್ಲ. ಮಾಲೀಕ ಸುಮ್ಮನೆ ನಿರಾಕರಿಸಿದರೆ ಉದ್ಯೋಗ ನ್ಯಾಯಮಂಡಳಿಗೆ ದೂರು ಕೊಡಬಹುದು, ಪರಿಹಾರವೂ ಸಿಗಬಹುದು.

ಹಣದ ಮಾತು

ಆ ದಿನಗಳಿಗೆ ಸಂಬಳ ಕೊಡಬೇಕೆಂದು ಕಾನೂನು ಹೇಳಿಲ್ಲ. ಕೆಲವು ಮಾಲೀಕರು ಕೊಡುತ್ತಾರೆ, ಕೆಲವರು ಕಡಿತ ಮಾಡುತ್ತಾರೆ. ಕಡಿತವಾದರೆ ಸರಕಾರದಿಂದ ನಷ್ಟ ಭತ್ಯೆ ಕೇಳಬಹುದು. ಸ್ವಂತ ವ್ಯಾಪಾರದವರಿಗೆ ರಜೆಯ ಹಕ್ಕು ಅನ್ವಯಿಸದು, ಭತ್ಯೆ ಉಂಟು. ಆದರೆ ಭತ್ಯೆಗೆ ಮಿತಿಯಿದೆ, ಕಳೆದುಕೊಂಡ ಪೂರ್ತಿ ಹಣ ಬಂದೇ ಬರುತ್ತದೆ ಅನ್ನುವಂತಿಲ್ಲ.

ಸಮಸ್ಯೆ ಇರೋದು ಇಲ್ಲೇ. ದಿನದ ದುಡಿಮೆಯಲ್ಲಿ ಮನೆ ನಡೆಸುವವರು ಹಿಂದೆ ಸರಿದರೆ, ನ್ಯಾಯದ ಕುರ್ಚಿಯಲ್ಲಿ ಉಳಿಯುವುದು ನಿವೃತ್ತರು ಮತ್ತು ಅನುಕೂಲಸ್ಥರು. ವಿಚಾರಣೆಗೆ ಬಂದು ನಿಲ್ಲುವವರೋ, ಹೆಚ್ಚಾಗಿ ಅಷ್ಟು ಅನುಕೂಲ ಇಲ್ಲದವರು.

ಆಸಕ್ತಿ ಇರುವವರು ಮೊದಲು ಒಮ್ಮೆ ಕೋರ್ಟಿಗೆ ಹೋಗಿ ಕಲಾಪ ನೋಡಿ. ಅರ್ಜಿ ಹಾಕುವ ಮೊದಲೇ ಮಾಲೀಕರ ಹತ್ತಿರ ಮಾತಾಡಿ, ರಜೆ ಎಷ್ಟು, ಸಂಬಳ ಉಂಟಾ ಇಲ್ವಾ ಅನ್ನೋದನ್ನು ಬರಹದಲ್ಲಿ ಪಡೆದುಕೊಳ್ಳಿ.